ಮನೆಯೊಳಗಣ ಹಣ್ಣು

ಫಲವೆಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಗಿಡದಲ್ಲಿ ಬಿಡುವುದೂ ಫಲವೇ, ಮಾಡಿದ ಕೆಲಸದಿಂದ ಕೈಸೇರುವುದೂ ಫಲವೇ. ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಮ್ಮ ಹಿರಿಯರು ಮೊದಲನೆಯದನ್ನು ಪ್ರತಿಯೊಂದು ಶುಭಕಾರ್ಯದಲ್ಲಿಯೂ ಮುಂದಿಟ್ಟರೆಂದು ತೋರುತ್ತದೆ. ದೇವಸ್ಥಾನಕ್ಕೆ ಹೋಗುವವರು ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆನ್ನುತ್ತಾರೆ. ರೋಗಿಯನ್ನು ಕಾಣಹೋಗುವವರೂ, ಬಾಣಂತಿಯನ್ನು ನೋಡಹೋಗುವವರೂ, ಗುರುಹಿರಿಯರ ದರ್ಶನಕ್ಕೆ ಹೊರಟವರೂ ದಾರಿಯಲ್ಲಿ ನಾಲ್ಕು ಹಣ್ಣು ಕೊಂಡೇ ಮುಂದಕ್ಕೆ ಹೋಗುತ್ತಾರೆ. ಬರಿಗೈಯೆಂಬುದು ನಮ್ಮಲ್ಲಿ ಅಮಂಗಳ.

ಈಚೆಗೆ ಈ ಹಳೆಯ ಹಣ್ಣಿನ ಪಕ್ಕದಲ್ಲಿ ಹೊಸದೊಂದು ಹಣ್ಣು ಬಂದು ಕುಳಿತಿದೆ. ಬೆಂಗಳೂರಿನಲ್ಲಿರುವ ನನ್ನ ಸೊಸೆ ಕಳೆದ ಶ್ರಾವಣದಲ್ಲಿ ದುರ್ಗದ ನಮ್ಮ ಮನೆಗೆ ಬರುವಾಗ ಒಂದು ಬುಟ್ಟಿಯನ್ನು ತಂದಳು. ಅದರಲ್ಲಿ ಒಂಬತ್ತು ಕಿತ್ತಳೆಹಣ್ಣುಗಳು. ಬಣ್ಣವೂ ಹೊಳಪೂ ನಿಜವಾದ ಹಣ್ಣನ್ನು ನಾಚಿಸುವಂತಿದ್ದವು. ಮುಟ್ಟಿದರೆ ಪ್ಲಾಸ್ಟಿಕ್ಕು. “ಅತ್ತೆ, ಇದು ಫೆಂಗ್ ಶುಯಿ ಪ್ರಕಾರ ಇಡುವುದು. ಊಟದ ಮನೆಯಲ್ಲಿಟ್ಟರೆ ಐಶ್ವರ್ಯವಂತೆ” ಎಂದಳು. ಅವಳು ಓದಿದವಳು, ವಿನಯವುಳ್ಳವಳು. ಮನೆಗೆ ಒಳ್ಳೆಯದಾಗಲೆಂದೇ ತಂದಳು. ನಾನೂ ಅದನ್ನು ಕಪಾಟಿನ ಮೇಲೆ ಇಟ್ಟೆನು. ಆದರೆ ಇದರ ಮೂಲವನ್ನು ತಿಳಿಯಬೇಕೆಂಬ ಕುತೂಹಲ ನನ್ನಲ್ಲಿ ಉಳಿಯಿತು.

ಫೆಂಗ್ ಎಂದರೆ ಚೀನೀಯರ ಮಾತಿನಲ್ಲಿ ಗಾಳಿ, ಶುಯಿ ಎಂದರೆ ನೀರು. ಮನೆಗೂ ಸಮಾಧಿಗೂ ತಕ್ಕ ನೆಲವನ್ನು ಗುಡ್ಡ ಹೊಳೆಗಳ ಇರವನ್ನು ನೋಡಿ ಆರಿಸುವ ಪುರಾತನ ವಿದ್ಯೆಯಿದು. ಹಣ್ಣಿನ ಶಕುನಗಳಾದರೋ ಅಲ್ಲಿಯ ಜನರ ಹಬ್ಬಹುಣ್ಣಿಮೆಗಳಿಂದ ಬಂದವು. ಅವುಗಳಲ್ಲಿ ಹಲವು ಮಾತಿನ ಸಾದೃಶ್ಯದಿಂದ ಹುಟ್ಟಿದವು. ಸೇಬಿನ ಹೆಸರಿನ ಮೊದಲಕ್ಷರ ಪಿಂಗ್. ಶಾಂತಿಯೆಂಬ ಮಾತಿನ ಮೊದಲಕ್ಷರಕ್ಕೂ ಅದೇ ಉಚ್ಚಾರ. ಆದುದರಿಂದ ಸೇಬು ಶಾಂತಿಯ ಹಣ್ಣಾಯಿತು. ಪೇರುಹಣ್ಣಿನ ಹೆಸರು ಅಗಲಿಕೆಯೆಂಬ ಮಾತಿನಂತೆಯೇ ಕೇಳಿಸುವುದರಿಂದ ಅದನ್ನು ಹೋಳುಮಾಡಿ ಪ್ರಿಯರೊಡನೆ ಹಂಚಿಕೊಳ್ಳಲು ಅವರು ಹಿಂದೆಗೆಯುತ್ತಾರೆ. ಕಿತ್ತಳೆ ಬಂಗಾರಕ್ಕೆ ಗುರುತು, ಪೀಚ್ ಹಣ್ಣು ದೀರ್ಘಾಯುಸ್ಸಿಗೆ ಗುರುತು. ಬೀಜ ತುಂಬಿದ ದಾಳಿಂಬೆ ಬಹುಸಂತಾನಕ್ಕೆ ಗುರುತಾದ್ದರಿಂದ ನವದಂಪತಿಗಳಿಗೆ ಉಚಿತವಾದ ಕಾಣಿಕೆ.

ಇದನ್ನು ಓದಿ ನಗುವವರು ನಮ್ಮ ಮನೆಯ ಬಾಗಿಲನ್ನೊಮ್ಮೆ ನೋಡಿಕೊಳ್ಳಲಿ. ಮದುವೆಯ ಚಪ್ಪರಕ್ಕೆ ಗೊನೆಸಹಿತವಾದ ಬಾಳೆಯ ಕಂಬವನ್ನೇ ಏಕೆ ಕಟ್ಟುತ್ತೇವೆ? ಬಾಳೆಯೆಂಬ ಮಾತಿನೊಳಗೆ ಬಾಳು ಕೇಳಿಸುತ್ತದೆ. ಅದರ ಮೇಲೆ ಆ ಗಿಡದ ಸ್ವಭಾವವೂ ಉಂಟು. ಬಾಳೆಯು ಒಂದೇ ಸಲ ಗೊನೆಹಾಕಿ ಮುಗಿಯುತ್ತದೆ. ಆದರೆ ಮುಗಿಯುವುದಕ್ಕೆ ಮೊದಲೇ ಬುಡದಲ್ಲಿ ಕಂದುಗಳನ್ನು ಬಿಟ್ಟಿರುತ್ತದೆ. ತಾಯಿ ಹೋದರೂ ತೋಟ ಹಾಳಾಗದು. ಸಂಸಾರಕ್ಕೆ ಇದಕ್ಕಿಂತ ಮಿಗಿಲಾದ ಹೋಲಿಕೆಯನ್ನು ಯಾವ ಪಂಡಿತನು ತಂದಾನು? ತೆಂಗಿನಕಾಯಿಯು ಹೊಂಬಾಳೆಯಿಂದ ಬಲಿತ ಕಾಯಾಗಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಅದು ಕಲಶದ ಮೇಲೆ ಕುಳಿತಾಗ ಗೃಹಸ್ಥನ ಒಂದು ವರ್ಷದ ತಾಳ್ಮೆಯೇ ಅಲ್ಲಿ ಕುಳಿತಂತೆ. ಗೃಹಪ್ರವೇಶದ ಬಾಗಿಲಿಗೆ ಬೂದುಗುಂಬಳವನ್ನೂ, ಅಂಗಡಿಯ ಹೊಸ್ತಿಲಿಗೆ ನಿಂಬೆ ಮೆಣಸಿನಕಾಯಿಗಳನ್ನೂ ದೃಷ್ಟಿಗೆಂದು ಕಟ್ಟುತ್ತೇವೆ. ಸಂಕ್ರಾಂತಿಯಲ್ಲಿ ಎಳೆಯ ಮಕ್ಕಳ ತಲೆಯ ಮೇಲೆ ಎಲಚಿಹಣ್ಣನ್ನು ಎರೆಯುತ್ತೇವೆ. ಶಿರಸಿಯ ಕಡೆಯವರು ಗಣೇಶನ ಚೌತಿಯಲ್ಲಿ ದೇವರ ಮೇಲ್ಗಡೆ ಕಾಯಿ ಹಣ್ಣುಗಳ ಫಲಾವಳಿಯನ್ನೇ ಕಟ್ಟುತ್ತಾರೆ. ಮನೆಯ ಅಲಂಕಾರಕ್ಕೆ ಇದಕ್ಕಿಂತ ಸೊಗಸಾದುದು ಯಾವುದು?

ನಮ್ಮದು ಮಳೆ ಕಡಮೆಯ ಸೀಮೆ. ಇಲ್ಲಿ ಹಣ್ಣೆಂದರೆ ಮೊದಲು ನೀರೆಂದು ಅರ್ಥ. ಹೊಸದುರ್ಗ ಹಿರಿಯೂರುಗಳ ತೆಂಗು, ಹೊಳಲ್ಕೆರೆಯ ಅಡಕೆ, ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಹಾಯಿಸಿ ಬೆಳೆಸುವ ದಾಳಿಂಬೆ, ಇವೆಲ್ಲವೂ ಬರಗಾಲದೊಡನೆ ಹೋರಾಡಿ ಬಂದವುಗಳೇ. ಮಳೆ ತಪ್ಪಿದ ವರ್ಷಗಳಲ್ಲಿ ಸುಳಿ ಬಾಗಿ ಒಣಗಿನಿಂತ ತೆಂಗಿನ ಸಾಲುಗಳನ್ನು ಕಂಡವರಿಗೆ ಒಂದು ಕಾಯಿಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದುದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ! ತುಂಬಿದ ಕೆರೆಗೆ ಬಾಗಿನ ಕೊಡುವುದು ನಮ್ಮ ಪದ್ಧತಿ. ಅಂದರೆ ಹಣ್ಣು ಕಾಯಿಗಳನ್ನು ಕೊಟ್ಟ ನೀರಿಗೇ ಹಣ್ಣು ಕಾಯಿಗಳನ್ನು ಹಿಂದಿರುಗಿಸುವುದು. ಹೊಸದುರ್ಗದ ಸೀಮೆಯ ಹಾಲುರಾಮೇಶ್ವರದಲ್ಲಿ ಭಕ್ತರು ಹೊಂಡದ ಎದುರಿಗೆ ನಿಂತು ಬೇಡಿಕೊಳ್ಳುತ್ತಾರೆ. ನೀರಿನೊಳಗಿಂದ ಹಣ್ಣು ಮೊದಲಾದುದು ತೇಲಿಬಂದರೆ ಗಂಗಮ್ಮನು ವರ ಕೊಟ್ಟಳೆಂದು ಸೆರಗೊಡ್ಡಿ ತೆಗೆದುಕೊಳ್ಳುತ್ತಾರೆ. ನಂಬುವವರು ನಂಬಲಿ, ನಂಬದವರು ಬಿಡಲಿ. ಹಣ್ಣಿಗಾಗಿ ಸೆರಗೊಡ್ಡಿ ನಿಂತ ತಾಯಂದಿರ ಮುಖವನ್ನು ನೋಡಿದವರು ಹಾಸ್ಯಮಾಡಲಾರರು.

ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಬರುತ್ತದೆ. ಹಣ್ಣು ಸಂತಾನಕ್ಕೂ ಸೌಭಾಗ್ಯಕ್ಕೂ ಗುರುತಾದ ಕೂಡಲೆ, ಅದನ್ನು ಮಡಿಲಲ್ಲಿ ಪಡೆಯಲು ಯಾರು ಅರ್ಹರು, ಯಾರು ಅಲ್ಲ ಎಂಬ ಗೆರೆಯೊಂದು ಎಳೆಯಲ್ಪಡುತ್ತದೆ. ನನ್ನ ಸೋದರತ್ತೆಯೊಬ್ಬರು ಹೊಳಲ್ಕೆರೆಯ ಕಡೆಯವರು. ಇಪ್ಪತ್ತೆರಡನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡರು, ಮಕ್ಕಳಿರಲಿಲ್ಲ. ಎರಡೆಕರೆ ಅಡಕೆಯ ತೋಟವನ್ನು, ನಡುವೆ ಬಾಳೆಯನ್ನಿಟ್ಟು, ನಲವತ್ತು ವರ್ಷ ಒಬ್ಬರೇ ನೋಡಿಕೊಂಡರು. ನಮ್ಮ ಬಂಧುಗಳಲ್ಲಿ ಯಾರ ಮನೆಯ ಮದುವೆಯಾಗಲಿ, ಸೀಮಂತವಾಗಲಿ, ಗೊನೆ ಬರುತ್ತಿದ್ದುದು ಅವರ ತೋಟದಿಂದ. ಆ ಗೊನೆಯ ಹಣ್ಣು ದೇವರ ಮುಂದೆ ಹೋಗುತ್ತಿತ್ತು, ಮುತ್ತೈದೆಯರ ಮಡಿಲಿಗೆ ಹೋಗುತ್ತಿತ್ತು. ಅದನ್ನು ಬೆಳೆದವರು ಮಾತ್ರ ಅಡಿಗೆಮನೆಯ ಬಾಗಿಲಿನ ಮರೆಯಲ್ಲಿ ನಿಂತಿರುತ್ತಿದ್ದರು. ಯಾರೂ ಅವರನ್ನು ಗದರಿಸಿದುದಿಲ್ಲ, ಕರೆಯಲೂ ಇಲ್ಲ. ಪದ್ಧತಿಯ ಕ್ರೌರ್ಯವಿರುವುದೇ ಹೀಗೆ, ಅದಕ್ಕೆ ದನಿಯಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ಮಗನ ಹೊಸ ಮನೆಯ ಗೃಹಪ್ರವೇಶವಾಯಿತು. ಮಡಿಲು ತುಂಬುವ ಹೊತ್ತಿಗೆ ಸೊಸೆಯು ಐದು ಬಾಳೆಹಣ್ಣು, ಒಂದು ಕಾಯಿ, ಎಲೆಯಡಕೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ನೆಟ್ಟಗೆ ಅಡಿಗೆಮನೆಯ ಬಾಗಿಲಿಗೆ ನಡೆದಳು. ಬಂಧುಗಳಲ್ಲಿ ಹಿರಿಯರೊಬ್ಬರು, “ಅಲ್ಲಿಗಲ್ಲಮ್ಮ, ಶುಭಕಾಲದಲ್ಲಿ ಅಪಶಕುನ” ಎಂದು ತಡೆದರು. ಅವಳು ಅವರಿಗೆ ಉತ್ತರ ಕೊಡಲಿಲ್ಲ. ಅತ್ತೆಯವರ ಮುಂದೆ ನಿಂತು, “ಅಜ್ಜಿ, ಈ ಗೊನೆ ನಿಮ್ಮ ತೋಟದ್ದೇ ಅಲ್ಲವೇ? ನೀವು ಬೆಳೆದ ಹಣ್ಣು ದೇವರಿಗೆ ಆಗುವುದಾದರೆ ನೀವು ನಮಗೆ ಆಗುವುದಿಲ್ಲವೇ?” ಎಂದು ಕೇಳಿದಳು. “ಬ್ಯಾಡ ಕಣವ್ವ, ನಿನಗೇನಾದರೂ ಆದೀತು” ಎಂದು ಅವರು ಗೋಡೆಗೆ ಸರಿದರು. ನಾನು ಹೋಗಿ ಅವರ ಸೆರಗನ್ನು ಹಿಡಿದು ಒಡ್ಡಿದೆನು, ಸೊಸೆ ತುಂಬಿದಳು. ಅತ್ತೆಯವರ ಕೈ ನಡುಗುತ್ತಿತ್ತು. ತಡೆದ ಹಿರಿಯರು ಊಟಮಾಡದೆ ಎದ್ದುಹೋದರು. ಈಗಲೂ ನಮ್ಮ ಮನೆಗೆ ಬರುವುದಿಲ್ಲ. ಅದರ ವ್ಯಥೆ ನನಗುಂಟು. ಆದರೆ ಆ ವರ್ಷದ ದೀಪಾವಳಿಗೆ ಅತ್ತೆಯವರು ಗೊನೆಯೊಡನೆ ತಾವೇ ಬಂದು ಹಜಾರದ ನಡುವೆ ಕುಳಿತು ಎಲ್ಲರಿಗೂ ಹಣ್ಣು ಹಂಚಿದುದನ್ನು ಕಂಡಮೇಲೆ, ಆದದ್ದು ಸರಿಯಾಯಿತೆಂಬ ನನ್ನ ನಿಶ್ಚಯ ಗಟ್ಟಿಯಾಯಿತು.

ಪ್ಲಾಸ್ಟಿಕ್ ಬುಟ್ಟಿಯನ್ನು ತಂದವಳೂ ಇದೇ ಸೊಸೆ. ಹೊಸದೆಲ್ಲ ಪೊಳ್ಳು, ಹಳೆಯದೆಲ್ಲ ಸಾರವೆಂದು ತೀರ್ಪು ಕೊಡುವವರಿಗೆ ಇದು ಉತ್ತರವಾಗಿರಲಿ.

ಇನ್ನು ಗೃಹಿಣಿಯರಿಗೆ ಎರಡು ಮಾತು. ಮನೆಯಲ್ಲಿ ಹಣ್ಣನ್ನು ಕಣ್ಣಿಗೆ ಕಾಣುವಂತೆ ಇಡುವುದು ಒಳ್ಳೆಯ ರೂಢಿ. ಕಂಡ ಹಣ್ಣನ್ನು ಮಕ್ಕಳು ಕೇಳದೆಯೇ ತಿನ್ನುತ್ತಾರೆ. ಬಿದಿರಿನ ಬುಟ್ಟಿಯಾದರೆ ಗಾಳಿಯಾಡುತ್ತದೆ. ಮಾಗುವ ಹಣ್ಣಿನಿಂದ ಎಥಿಲೀನ್ ಎಂಬ ಅನಿಲವು ಹೊರಡುತ್ತದೆ. ಆದಕಾರಣ ಮಾಗಿದ ಬಾಳೆಯ ಪಕ್ಕದಲ್ಲಿಟ್ಟ ಬಲಿತ ಮಾವಿನಕಾಯಿ ಬೇಗನೆ ಹಣ್ಣಾಗುತ್ತದೆ. ಹುಲ್ಲಿನಲ್ಲಿ ಮುಚ್ಚಿಡುವ ನಮ್ಮ ಅಜ್ಜಿಯರ ಉಪಾಯದ ಗುಟ್ಟೂ ಇದೇ. ಬೇಗ ಮಾಗಬಾರದೆಂದಿದ್ದರೆ ಬೇರೆಬೇರೆ ಇಡತಕ್ಕದ್ದು. ಕಾರ್ಬೈಡ್ ಹಾಕಿ ಮಾಗಿಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಅಂಥದೆಂದು ಸಂಶಯ ಬಂದ ಹಣ್ಣನ್ನು ಕೊಳ್ಳಬಾರದು. ದಾಳಿಂಬೆ ನಿಂಬೆಗಳು ಹಲವು ದಿನ ಅಂದಗೆಡದೆ ಇರುತ್ತವೆ. ಅಲಂಕಾರಕ್ಕೆ ಅವೇ ಲೇಸು. ಬುಟ್ಟಿಯಲ್ಲಿ ಒಂದು ಕೊಳೆತರೆ ಒಡನೆಯೇ ತೆಗೆಯಬೇಕು.

ಕೆಡದಿರುವುದು ಪ್ಲಾಸ್ಟಿಕ್ ಹಣ್ಣಿನ ಗುಣವೆಂದು ಅಂಗಡಿಯವರು ಹೇಳುತ್ತಾರೆ. ನನಗಾದರೋ ಅದೇ ಅದರ ಕೊರತೆಯೆಂದು ತೋರುತ್ತದೆ. ನಿಜವಾದ ಹಣ್ಣು ನಾಲ್ಕು ದಿನದಲ್ಲಿ ಕೆಡುವುದರಿಂದಲೇ ಅದನ್ನು ಕೂಡಿಡಲಾಗುವುದಿಲ್ಲ. ತಿನ್ನಬೇಕು, ಇಲ್ಲವೆ ಕೊಡಬೇಕು. ಕೊಡುವಾಗ ಯಾರ ಸೆರಗೂ ಬರಿದಾಗಿ ಉಳಿಯದಂತೆ ನೋಡಿಕೊಳ್ಳುವ ಮನೆಗೆ ಬೇರೆ ಶಕುನದ ಅಗತ್ಯವಿಲ್ಲ.