ಹೆಬ್ಬೆಟ್ಟಿನ ವಾದ್ಯ

ನಮ್ಮ ಸೀಮೆಯಲ್ಲಿ ‘ಹೆಬ್ಬೆಟ್ಟು’ ಎಂಬ ಮಾತಿಗೆ ಒಂದು ಕಹಿ ಅರ್ಥವಿರುವುದು ತಮಗೆ ತಿಳಿದೇ ಇದೆ. ಅಕ್ಷರ ಬಾರದವರನ್ನು ‘ಹೆಬ್ಬೆಟ್ಟಿನವರು’ ಎಂದುಬಿಡುತ್ತೇವೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ನ್ನೂ ಮುಟ್ಟಿರಲಿಲ್ಲ. ರಾಜ್ಯದಲ್ಲಿ ನಮ್ಮದೇ ಕೊನೆಯ ಸ್ಥಾನ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾನೂ ಸ್ವಯಂಸೇವಕನಾಗಿ ಸುರಪುರದ ಆಸುಪಾಸಿನ ಹಳ್ಳಿಗಳಲ್ಲಿ ಲಾಟೀನಿನ ಬೆಳಕಿನಲ್ಲಿ ಅಕ್ಷರ ತಿದ್ದಿಸಿದವನು. ಆದರೆ ಹೆತ್ತ ಅವ್ವನಿಗೆ ಸಹಿ ಕಲಿಸಲು ನನ್ನಿಂದಾಗಲಿಲ್ಲ. ಒಮ್ಮೆ ಶಹಾಪುರದಲ್ಲಿ, ಬ್ಯಾಂಕೊಂದರಲ್ಲಿ, ಆಕೆ ಶಾಯಿಯ ಪ್ಯಾಡಿನತ್ತ ಕೈ ಚಾಚಿದಾಗ ಹತ್ತು ಜನರೆದುರು ಗದರಿದೆ. ಆಕೆ ಏನೂ ಅನ್ನಲಿಲ್ಲ. ಬೆರಳನ್ನು ಸೆರಗಿನೊಳಗೆ ಮರೆಮಾಡಿಕೊಂಡಳು.

ಇದೀಗ ಈ ಇಳಿವಯಸ್ಸಿನಲ್ಲಿ ನಾನು ಕಲಿಯಹೊರಟಿರುವ ವಾದ್ಯವನ್ನು ನುಡಿಸುವುದೇ ಹೆಬ್ಬೆಟ್ಟುಗಳಿಂದ! ಅದರ ಹೆಸರು ಕಲಿಂಬಾ. ಅಂಗೈಗಳ ನಡುವೆ ಹಿಡಿಯುವಷ್ಟು ದೊಡ್ಡ ಮರದ ಪೆಟ್ಟಿಗೆ. ಅದರ ಮೇಲೆ ಉದ್ದಗಿಡ್ಡದ ಉಕ್ಕಿನ ಪಟ್ಟಿಗಳು. ಆಫ್ರಿಕಾದ ಜನ ಶತಮಾನಗಳಿಂದ ನುಡಿಸುತ್ತ ಬಂದ ‘ಎಂಬಿರಾ’ ಎಂಬ ವಾದ್ಯದ ಮರಿ ಇದು. ಹ್ಯೂ ಟ್ರೇಸಿ ಎಂಬ ಸಂಗೀತ ಸಂಗ್ರಾಹಕರು 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಈ ಹೆಸರಿನಿಂದ ತಯಾರಿಸಿ ಮಾರತೊಡಗಿದರು. ಮೂಲದ ಎಂಬಿರಾ ಮಾಡುವ ಮತ್ತು ನುಡಿಸುವ ಕಲೆಯನ್ನು ಮಲಾವಿ, ಜಿಂಬಾಬ್ವೆ ದೇಶಗಳ ಪರಂಪರೆಯೆಂದು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಕೊಳ್ಳುವಾಗ ನಾನು ಎಡವಿದೆ. ಅಗ್ಗವೆಂದು ಮೊದಲು ತರಿಸಿದ್ದು ಎಂಟು ಪಟ್ಟಿಯ ಆಟಿಕೆ. ಎರಡು ಪಟ್ಟಿಗಳು ನಾದದ ಬದಲು ಝರಝರ ಎನ್ನುತ್ತಿದ್ದವು. ಮೇಲಿನ ಷಡ್ಜಕ್ಕೆ ಬರುವಷ್ಟರಲ್ಲಿ ಪಟ್ಟಿಗಳೇ ಮುಗಿಯುತ್ತಿದ್ದವು. ತಾವು ಕೊಳ್ಳುವುದಾದರೆ ಹದಿನೇಳು ಪಟ್ಟಿಯದನ್ನೇ ಕೊಳ್ಳಿ. ಒಂದೊಂದನ್ನೂ ಮೀಟಿ ಕೇಳಿ; ನಾದ ಕೊಂಚ ಹೊತ್ತು ನಿಲ್ಲಬೇಕು. ಜೊತೆಗೆ ಒಂದು ಪುಟ್ಟ ಸುತ್ತಿಗೆ ಬರುತ್ತದೆ. ಅದರಿಂದ ಪಟ್ಟಿಯನ್ನು ಮೆಲ್ಲಗೆ ಒಳಕ್ಕೆ ತಟ್ಟಿದರೆ ನುಡಿಯುವ ಭಾಗ ಗಿಡ್ಡವಾಗಿ ಸ್ವರ ಏರುತ್ತದೆ. ಹೊರಕ್ಕೆ ತಟ್ಟಿದರೆ ಇಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಮರ ಬಿರುಕು ಬಿಟ್ಟೀತು, ಕಿಟಕಿಯ ಬಳಿ ಇಡಬೇಡಿ.

ಹಾರ್ಮೋನಿಯಂ ಬಲ್ಲವರಿಗೆ ಇದು ಮೊದಮೊದಲು ಕೀಟಲೆ ಮಾಡುತ್ತದೆ. ಅಲ್ಲಿ ಸ್ವರಗಳು ಎಡದಿಂದ ಬಲಕ್ಕೆ ಏರುತ್ತವೆ. ಇಲ್ಲಿ ನಟ್ಟನಡುವಿನ ಉದ್ದದ ಪಟ್ಟಿಯೇ ಷಡ್ಜ, ಅದರ ಎಡಕ್ಕೆ ರಿ, ಬಲಕ್ಕೆ ಗ, ಮತ್ತೆ ಎಡಕ್ಕೆ ಮ, ಬಲಕ್ಕೆ ಪ. ಒಂದು ಹೆಬ್ಬೆಟ್ಟು ಹೇಳಿದ್ದಕ್ಕೆ ಇನ್ನೊಂದು ಮರುನುಡಿಯಬೇಕು. ಪಟ್ಟಿಗಳ ಮೇಲೆ ಕೊರೆದ ಅಕ್ಷರಗಳನ್ನು ಕನ್ನಡಕದೊಳಗಿಂದ ಓದಿ ಓದಿ ಮೀಟುತ್ತ ತಿಂಗಳು ಕಳೆದರೂ ಒಂದು ಕೀರ್ತನೆಯ ಪಲ್ಲವಿ ನನಗೆ ನೆಟ್ಟಗಾಗಿರಲಿಲ್ಲ.

ಒಂದು ಸಂಜೆ ಅವ್ವ ಕೇಳಿದಳು: “ಯಪ್ಪಾ, ಅದೇನದ? ಇಲ್ಲಿ ತಾ.” ಎಂಬತ್ತು ದಾಟಿದ ಆಕೆಗೆ ಕಣ್ಣು ಮಂಜು. ಬೀಸುಕಲ್ಲಿನ ಗೂಟ ಹಿಡಿದು ಸವೆದ ಆಕೆಯ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಎಷ್ಟೋ ತಿಂಗಳು ಗುರುತಿಸುವುದಿಲ್ಲ. (ಈಗ ಅಲ್ಲಿ ಓದಿದವರೂ ಹೆಬ್ಬೆಟ್ಟನ್ನೇ ಒತ್ತಬೇಕು, ಅದು ಬೇರೆ ಮಾತು.) ಆಕೆ ಅಕ್ಷರ ನೋಡಲಿಲ್ಲ. ಬೆರಳಾಡಿಸಿ ಉದ್ದದ ಪಟ್ಟಿಯನ್ನು ಹುಡುಕಿದಳು. ಅಲ್ಲಿಂದ ಬಲಕ್ಕೆ ಮೂರು ಪಟ್ಟಿಗಳ ಮೇಲೆ ಹೆಬ್ಬೆಟ್ಟನ್ನು ಸವರಿದಳು. ಸ, ಗ, ಪ ಒಟ್ಟಿಗೇ ಮೊಳಗಿದವು. ಆಕೆ ನಕ್ಕಳು. ಆಮೇಲೆ ನಾನು ಬಾಲ್ಯದಲ್ಲಿ ನಸುಕಿನ ನಿದ್ದೆಯಲ್ಲಿ ಕೇಳುತ್ತಿದ್ದ ಬೀಸುವ ಪದವೊಂದನ್ನು ಗುನುಗುತ್ತ, ತಡವುತ್ತ, ತಪ್ಪುತ್ತ, ಅದರ ಸ್ವರಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ನಾಲ್ಕನೆಯ ಸಂಜೆಗೆ ಮೊದಲ ಸಾಲು ಪೂರ್ತಿ ಬಂತು.

ನನ್ನ ನುಡಿಸಾಣಿಕೆ ಕೇಳಿ ಆಕೆ ಹೇಳಿದ್ದಿಷ್ಟು: “ಹಂಗ ಒತ್ತಿ ಒತ್ತಿ ಹೊಡಿಬ್ಯಾಡೋ. ಠಸ್ಸೆ ಹೊಡ್ಯಾಕತ್ತಿ ಏನು? ಸುಮ್ನ ಸವರು.”

ಬ್ಯಾಂಕಿನ ಆ ದಿನದ ಮಾತನ್ನು ಎತ್ತಬೇಕೆಂದು ಎರಡು ಸಲ ಬಾಯಿ ತೆರೆದೆ. ಮೊದಲ ಸಲ ಧೈರ್ಯ ಸಾಲಲಿಲ್ಲ. ಎರಡನೆಯ ಸಲ ಹೇಳಿಯೇಬಿಟ್ಟೆ. ಆಕೆ ಪಟ್ಟಿಗಳ ಮೇಲಿಂದ ಕೈ ತೆಗೆಯದೆಯೇ, “ಈಗ್ಯಾಕ ಅದು? ಎಡಗಡೆ ಎರಡನೇದು ಯಾಕೋ ಇಳಿದದ, ಸುತ್ತಿಗಿ ತಾ” ಎಂದಳು.