ಬಾಯಿಗೂಡಿದ ಗಾಡಿ

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ಕಂಡವರಿಗೆ ಗೊತ್ತು: ಅವನು ಮೊದಲು ಕೊಂಬನ್ನೂ ನೋಡುವುದಿಲ್ಲ, ಮೈಬಣ್ಣವನ್ನೂ ನೋಡುವುದಿಲ್ಲ. ತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು ಎಂದು ಪ್ರಾಯ ನಿರ್ಣಯವಾದ ಮೇಲೆ ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು; ಕಟ್ಟಕಡೆಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಈ ವಿದ್ಯೆಯ ಪಂಡಿತರನ್ನು ಇಂದಿಗೂ ಕಾಣಬಹುದು. ಆದರೆ ಈ ವಿದ್ಯೆ ಜಾತ್ರೆಯಲ್ಲೇ ಉಳಿದಿಲ್ಲ. ಊರಾಚೆಯ ಬಯಲಿನಲ್ಲಿ, ತಗಡಿನ ಬೇಲಿಯೊಳಗೆ, ಹಳದಿ ಫಲಕ ಹೊತ್ತ ಹಳೆಯ ಪಿಕಪ್ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಕಡೆಗೂ ಅದು ವಲಸೆ ಹೋಗಿದೆ. ಅಲ್ಲಿಯೂ ಬಣ್ಣ ನೋಡಿ ಮನಸೋಲುವವನು ಮೊದಲ ಸಲ ಬಂದವನೆಂದೇ ತಿಳಿಯಬೇಕು.

ನಮ್ಮ ನಾಡಿನ ರಸ್ತೆಗಳಲ್ಲಿ ಈ ಜಾತಿಯ ವಾಹನದ ಚರಿತ್ರೆ ಬಹಳ ಹಳೆಯದೇನಲ್ಲ. 1986ರಲ್ಲಿ ಟಾಟಾ 407 ಬಂದಾಗ ದೊಡ್ಡ ಲಾರಿಗೂ ಎತ್ತಿನ ಗಾಡಿಗೂ ನಡುವಣ ಒಂದು ಸ್ಥಾನ ತುಂಬಿದಂತಾಯಿತು. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು: ಎರಡೇ ಸಿಲಿಂಡರು, ಸುಮಾರು 700 ಸಿ.ಸಿ.ಯ ಡೀಸೆಲ್ ಇಂಜಿನು, 16 ಅಶ್ವಶಕ್ತಿ, ಮುಕ್ಕಾಲು ಟನ್ನಿನ ಭಾರ. ಉತ್ತರದವರು ಅದನ್ನು ‘ಚೋಟಾ ಹಾಥಿ’ ಎಂದು ಮುದ್ದಿಸಿದರು; ನಮ್ಮವರು ‘ಟಾಟಾ ಏಸಿ’ ಎಂದು ಕೊನೆಗೊಂದು ಇಕಾರ ಸೇರಿಸಿ ತಮ್ಮದಾಗಿಸಿಕೊಂಡರು. ಮೂರು ಚಕ್ರದ ಗಾಡಿಯವನು ನಾಲ್ಕು ಚಕ್ರಕ್ಕೆ ಏರಿದ್ದು ಅದರಿಂದಲೇ. ಮಹೀಂದ್ರಾದವರ ಬೊಲೆರೊ ಪಿಕಪ್ಪಿನಂಥವು ಇನ್ನೂ ಹೆಚ್ಚಿನ ಭಾರಕ್ಕೆ ಹೆಗಲು ಕೊಟ್ಟವು. ಇಂದು ಕೋಲಾರದ ಟೊಮೇಟೊ, ಹಾಸನದ ಆಲೂಗಡ್ಡೆ, ಮಲ್ಪೆಯ ಮೀನು, ಮದುವೆ ಮನೆಯ ಹಂಡೆ ಕೊಳಗ, ಮನೆ ಬದಲಾಯಿಸುವ ಗುಮಾಸ್ತನ ಮಂಚ ಬೀರು, ಎಲ್ಲಕ್ಕೂ ಇವೇ ಗತಿ. ಹೊಸದಕ್ಕೆ ಹಣವಿಲ್ಲದವನಿಗೆ ಹಳೆಯದೇ ಗತಿ.

ಹಳೆಯ ಪಿಕಪ್ಪಿನ ಹಲ್ಲು ಇರುವುದು ಇಂಜಿನಿನ ಎಣ್ಣೆ ಹೊಯ್ಯುವ ಮುಚ್ಚಳದ ಕೆಳಗೆ. ಬಲ್ಲ ಮೇಸ್ತ್ರಿ ಗಾಡಿಯನ್ನು ಚಾಲೂ ಮಾಡಿಸಿ, ಆ ಮುಚ್ಚಳವನ್ನು ತೆಗೆದು, ಅಂಗೈ ಒಡ್ಡುತ್ತಾನೆ. ಒಳಗಿನಿಂದ ಪುಸುಪುಸು ಹೊಗೆ ಒತ್ತಿ ಬಂದರೆ ‘ಬ್ಯಾಕ್ ಕಂಪ್ರೆಶನ್’ ಎಂದು ತೀರ್ಪು. ಪಿಸ್ಟನ್ನಿನ ಬಳೆಗಳು ಸವೆದಿವೆ, ಉರಿದ ಅನಿಲ ಕೆಳಗಿನ ಎಣ್ಣೆಯ ಕೋಣೆಗೆ ನುಸುಳುತ್ತಿದೆ, ಇಂಜಿನು ‘ಬೋರಿಗೆ ಬಂದಿದೆ’ ಎಂದು ಅದರ ಅರ್ಥ. ಕೊಳವೆಯ ಹೊಗೆಗೂ ಭಾಷೆಯಿದೆ. ಕಪ್ಪು ಹೊಗೆಯೆಂದರೆ ಗಾಳಿಗಿಂತ ಡೀಸೆಲ್ ಹೆಚ್ಚು. ಒಂದು ಏರ್ ಫಿಲ್ಟರಿನಿಂದಲೇ ಅದು ಗುಣವಾದೀತು. ನೀಲಿ ಹೊಗೆಯೆಂದರೆ ಎಣ್ಣೆಯೇ ಉರಿಯುತ್ತಿದೆ. ಇಂಜಿನು ಕಾದ ಮೇಲೂ ಬಿಳಿಯ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಕೈಮುಗಿದು ಹೊರಟುಬಿಡುವುದೇ ಲೇಸು. ಮಾರುವವನು ಮುಂಜಾನೆಯೇ ಇಂಜಿನನ್ನು ಕಾಯಿಸಿಟ್ಟಿದ್ದರೆ, ತಣ್ಣಗಿರುವಾಗ ಅದು ಎಷ್ಟು ಹಟ ಮಾಡುತ್ತದೆಂಬುದನ್ನು ಬಚ್ಚಿಟ್ಟನೆಂದೇ ಲೆಕ್ಕ. ಆದ್ದರಿಂದ ಬುದ್ಧಿವಂತರು ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋಗುತ್ತಾರೆ.

ಮೈಲಿಯ ಲೆಕ್ಕ ತೋರಿಸುವ ಮಾಪಕವನ್ನು ನಂಬುವವರು ಈಗ ಕಡಿಮೆ. ಅದನ್ನು ಹಿಂದಕ್ಕೆ ತಿರುಗಿಸಬಹುದು. ಆದರೆ ಕ್ಲಚ್ ಪೆಡಲಿನ ಸವೆದ ರಬ್ಬರನ್ನು, ಚಾಲಕನ ಆಸನದ ಕುಸಿದ ಬಲ ಅಂಚನ್ನು, ಸ್ಟಿಯರಿಂಗಿನ ನುಣುಪನ್ನು ಸುಳ್ಳಾಡಿಸುವುದು ಕಷ್ಟ. ನಿಜ ಹೇಳಬೇಕೆಂದರೆ, ಗಾಡಿ ಎಷ್ಟು ಓಡಿತೆಂಬುದಕ್ಕಿಂತ ಏನನ್ನು ಹೊತ್ತು ಓಡಿತೆಂಬುದು ದೊಡ್ಡ ಪ್ರಶ್ನೆ. ದಿನವೂ ಹಾಲಿನ ಕ್ಯಾನು ಹೊತ್ತು ಒಂದೇ ದಾರಿಯಲ್ಲಿ ಲಕ್ಷ ಕಿಲೋಮೀಟರು ಓಡಿದ ಗಾಡಿ, ಕಲ್ಲು ಮರಳು ಹೊತ್ತು ಅದರ ಅರ್ಧ ಓಡಿದ ಗಾಡಿಗಿಂತ ಎಷ್ಟೋ ಮೇಲು. ಮಲೆನಾಡಿನ ತೋಟದ ಗಾಡಿಯಾದರೆ ಕ್ಲಚ್ಚು ಸವೆದಿರುತ್ತದೆ. ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ನಿಲ್ಲಿಸುವ ಅಭ್ಯಾಸದ ಫಲ ಅದು. ಎಲ್ಲಕ್ಕಿಂತ ಭಯ ಪಡಬೇಕಾದದ್ದು ಕರಾವಳಿಯಲ್ಲಿ ಮೀನು ಹೊತ್ತ ಗಾಡಿಗೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಹಲಗೆಯ ಸಂದಿನಿಂದ ಇಳಿದು, ಚಾಸಿಯ ಉಕ್ಕಿನ ತೊಲೆಗಳ ಒಳಮೈಯನ್ನು ವರ್ಷಗಟ್ಟಲೆ ತಿನ್ನುತ್ತದೆ. ಹೊರಗೆ ಬಳಿದ ಕರಿಯ ಬಣ್ಣ ಮಿರಮಿರನೆ ಹೊಳೆಯುತ್ತಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಣಕಣ ಎನ್ನುವ ಬದಲು ಪೊಟ್ಟು ಕಾಯಿಯಂತೆ ಸದ್ದು.

ಉಪ್ಪಿಗೆ ದೇಶಭೇದವಿಲ್ಲ. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಎರಚುವುದುಂಟು. ಗಟ್ಟಿತನಕ್ಕೆ ಹೆಸರಾದ ಟೊಯೋಟಾ ಕಂಪನಿಯ ಟಕೋಮಾ ಪಿಕಪ್ಪುಗಳಲ್ಲಿ, 1995ರಿಂದ 2000ದವರೆಗಿನ ಮಾದರಿಗಳ ಚಾಸಿ ತುಕ್ಕಿಗೆ ತುತ್ತಾಗಿ, 2008ರಲ್ಲಿ ಕಂಪನಿಯೇ ಅವುಗಳ ತುಕ್ಕಿನ ಖಾತರಿಯನ್ನು ಹದಿನೈದು ವರ್ಷಕ್ಕೆ ವಿಸ್ತರಿಸಿತು. ತೀರ ಕೆಟ್ಟವನ್ನು ಮಾರುಕಟ್ಟೆಯ ಬೆಲೆಯ ಒಂದೂವರೆ ಪಟ್ಟು ಕೊಟ್ಟು ಮರಳಿ ಕೊಂಡಿತು. ಅಷ್ಟು ಹಳೆಯ ಗಾಡಿಗೆ ಅಂಥ ಬೆಲೆ! ನಮ್ಮ ಬಯಲಿನ ವ್ಯಾಪಾರಿ ಈ ಕಥೆಯನ್ನು ಕೇಳಿದರೆ ಪುರಾಣವೆಂದೇ ತಿಳಿದಾನು. ಇಂಜಿನಿಗೆ ಮರುಜನ್ಮ ಕೊಡಬಹುದು, ಗೇರು ಪೆಟ್ಟಿಗೆಯನ್ನು ಬದಲಿಸಬಹುದು. ಬೆನ್ನೆಲುಬೇ ತುಕ್ಕು ತಿಂದ ಮೇಲೆ ಔಷಧವಿಲ್ಲ.

ಇನ್ನೊಂದು ಲಕ್ಷಣವುಂಟು. ಹಿಂದಿನ ಚಕ್ರದ ಬಳಿ ಬಗ್ಗಿ, ಕಮಾನು ಪಟ್ಟಿಗಳನ್ನು ಎಣಿಸಬೇಕು. ಕಾರ್ಖಾನೆ ಕೊಟ್ಟದ್ದಕ್ಕಿಂತ ಒಂದೆರಡು ಹೆಚ್ಚಿದ್ದರೆ ಹಿಂದಿನ ಯಜಮಾನ ಒಂದು ಟನ್ನಿನ ಗಾಡಿಯಲ್ಲಿ ಎರಡು ಟನ್ನು ಹೇರಿದ್ದಾನೆಂದು ಅರ್ಥ. ಪಟ್ಟಿ ಏರಿಸಿದ ಮಾತ್ರಕ್ಕೆ ಗಾಡಿಯ ಬಲ ಹೆಚ್ಚುವುದಿಲ್ಲ. ಬಾಗುವುದನ್ನು ಬಿಟ್ಟ ಕಮಾನು ತನ್ನ ಪೆಟ್ಟನ್ನೆಲ್ಲ ಅಚ್ಚಿಗೂ ಬೇರಿಂಗಿಗೂ ಚಾಸಿಗೂ ದಾಟಿಸಿಬಿಡುತ್ತದೆ. ಬ್ರೇಕು ಮಾತ್ರ ಹಳೆಯದೇ.

ಇಷ್ಟೆಲ್ಲ ಶಾಸ್ತ್ರ ಅರಿಯದ ಒಬ್ಬ ಅಡುಗೆಯ ಭಟ್ಟರು ಮೈಸೂರಿನಲ್ಲಿದ್ದಾರೆ. ಮದುವೆ ಮುಂಜಿಗಳಿಗೆ ಅಡುಗೆ ಒಪ್ಪಿಕೊಳ್ಳುವುದು ಅವರ ವೃತ್ತಿ. ಪ್ರತಿ ಮದುವೆಗೂ ಬಾಡಿಗೆ ಗಾಡಿಗೆ ಸುರಿದ ಹಣವನ್ನು ಒಂದು ವರ್ಷ ಲೆಕ್ಕ ಬರೆದಿಟ್ಟು ನೋಡಿ, 2017ರಲ್ಲಿ ಅವರು 2009ರ ಮಾದರಿಯ ಒಂದು ಡೀಸೆಲ್ ಪಿಕಪ್ಪನ್ನು ಎರಡೂಕಾಲು ಲಕ್ಷಕ್ಕೆ ಕೊಂಡರು. ಚೀಟಿಯ ಹಣ ಒಂದೂವರೆ ಲಕ್ಷ. ಉಳಿದದ್ದು ಅವರ ಮನೆಯಾಕೆಯ ಎರಡು ಬಳೆ. ಮಗಳ ಕಾಲೇಜಿನ ಎರಡನೆಯ ಕಂತು ಬಾಕಿಯಿದ್ದ ವರ್ಷ ಅದು. ಬಳೆ ಬಿಚ್ಚಿ ಕೊಡುವಾಗ ಆಕೆ ಕೇಳಿದ್ದು ಒಂದೇ ಮಾತು: “ಗಾಡಿ ನೋಡಿದವರು ಯಾರು? ನೀವೋ, ಮೇಸ್ತ್ರಿಯೋ?” ಮೇಸ್ತ್ರಿಯೆಂದು ತಿಳಿದ ಮೇಲೆಯೇ ಬಳೆ ಕೈದಾಟಿತು.

ಮೇಸ್ತ್ರಿ ಮುಚ್ಚಳ ತೆಗೆದು, ಚಾಸಿ ತಟ್ಟಿ, “ಎಲುಬು ಗಟ್ಟಿ ಇದೆ ಸ್ವಾಮಿ, ಹೊಟ್ಟೆ ನೋಡಿಕೊಳ್ಳಬೇಕು” ಎಂದಿದ್ದ. ಹೊಟ್ಟೆಯೆಂದರೆ ರೇಡಿಯೇಟರು. ಹಿಂದಿನ ಯಜಮಾನ ಅದಕ್ಕೆ ಕೊಳವೆಬಾವಿಯ ಗಡಸು ನೀರನ್ನೇ ಕುಡಿಸಿದ್ದ. ಹಂಡೆಯ ತಳದಲ್ಲಿ ಕಟ್ಟುವ ಸುಣ್ಣದ ಹೊರಪು ಅದರ ಸಣ್ಣ ನಾಳಗಳಲ್ಲೂ ಕಟ್ಟಿತ್ತು. ಕೂಲೆಂಟ್ ಎಂಬ ದ್ರವಕ್ಕೆ ಕೊಡುವ ಕೆಲವು ನೂರು ರೂಪಾಯಿ ಉಳಿಸಿದವನು ಆ ಸಾಲವನ್ನು ಮುಂದಿನವನ ತಲೆಗೆ ಕಟ್ಟಿ ಹೋಗಿದ್ದ. ಮೊದಲ ವರ್ಷ ರೇಡಿಯೇಟರು, ಕ್ಲಚ್ ಪ್ಲೇಟು, ಎರಡು ಟೈರು, ಬ್ಯಾಟರಿ ಎಂದು ಖರ್ಚು ಕೈಕಚ್ಚಿತು. ಕೊಂಡ ಬೆಲೆಯ ಆರನೆಯ ಒಂದು ಪಾಲನ್ನು ರಿಪೇರಿಗೆಂದು ಮೊದಲೇ ಎತ್ತಿಡಬೇಕೆಂದು ಮೇಸ್ತ್ರಿ ಎಚ್ಚರಿಸಿದ್ದ. ಭಟ್ಟರ ಮನೆಯಾಕೆ ಅದನ್ನು ಸಾಸಿವೆ ಡಬ್ಬಿಯಲ್ಲಿ ಎತ್ತಿಟ್ಟಿದ್ದರಿಂದ ಮಾನ ಉಳಿಯಿತು.

ಓಡುವ ಗಾಡಿಗಿಂತ ನಿಂತ ಗಾಡಿ ಹೆಚ್ಚು ಕೆಡುತ್ತದೆಂಬ ಸತ್ಯವನ್ನು ಕಲಿಸಿದ್ದು ಆಷಾಢ ಮಾಸ. ಮದುವೆಗಳಿಲ್ಲದ ಆ ಒಂದು ತಿಂಗಳು ಗಾಡಿ ಮನೆಯ ಮುಂದೆ ಮಳೆಗೆ ಮೈಯೊಡ್ಡಿ ನಿಂತಿತು. ಶ್ರಾವಣದಲ್ಲಿ ಚಾಲೂ ಮಾಡಹೋದರೆ ಬ್ಯಾಟರಿ ಸತ್ತಿತ್ತು; ಬ್ರೇಕು ಡ್ರಮ್ಮಿಗೆ ಅಂಟಿ ಕೂತಿತ್ತು; ದೀಪಗಳ ವೈರನ್ನು ಇಲಿಗಳು ಕಚ್ಚಿಹಾಕಿದ್ದವು. ತುಪ್ಪ, ಬೆಲ್ಲ, ಕಡಲೆಹಿಟ್ಟು ಹೊತ್ತು ಓಡಾಡಿದ ಗಾಡಿಯಲ್ಲಿ ಗಣಪತಿಯ ವಾಹನಕ್ಕೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ಮರುವರ್ಷದಿಂದ ಆಷಾಢದಲ್ಲೂ ಧನುರ್ಮಾಸದಲ್ಲೂ ವಾರಕ್ಕೊಮ್ಮೆ ಗಾಡಿ ಹೊರಡಿಸಿ, ಊರು ಸುತ್ತಿ ಬರುವ ನೇಮ ಆರಂಭವಾಯಿತು. ಸುತ್ತುವ ದಾರಿ ಚಾಮುಂಡಿ ಬೆಟ್ಟದ ತಪ್ಪಲಿನದೇ ಆದ್ದರಿಂದ ಮನೆಯಾಕೆಯೂ ಏರಿ ಕೂಡುತ್ತಿದ್ದರು.

2019ರ ವೈಶಾಖದ ಒಂದು ರಾತ್ರಿ ನಂಜನಗೂಡಿನ ಛತ್ರಕ್ಕೆ ಹೋಗುತ್ತಿದ್ದಾಗ, ಕಡಕೊಳ ದಾಟಿದ ಮೇಲೆ, ಶಾಖದ ಮುಳ್ಳು ಕೆಂಪಿಗೆ ಏರಿತು. ಬೆಳಿಗ್ಗೆ ಏಳಕ್ಕೆ ಉಪಾಹಾರ, ಮಧ್ಯಾಹ್ನ ಆರುನೂರು ಎಲೆ. ಗಾಡಿ ನಡೆಸುತ್ತಿದ್ದ ಮಗ, “ಇನ್ನೇನು ಬಂದೇಬಿಟ್ಟಿತು ಅಪ್ಪಾ, ಮೆಲ್ಲಗೆ ಹೋಗಿಬಿಡೋಣ” ಎಂದ. ಭಟ್ಟರು, “ಹಾಲು ಉಕ್ಕುವಾಗ ಇನ್ನೊಂದು ನಿಮಿಷ ನೋಡೋಣ ಅಂತ ಯಾರಾದರೂ ಕೂರುತ್ತಾರೇನೋ? ಆರಿಸು” ಎಂದರು. ಹಾಗೆ ಹೋಗಿದ್ದರೆ ಸಿಲಿಂಡರಿನ ತಲೆಭಾಗ ಕಾವಿಗೆ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು, ನೀರೂ ಎಣ್ಣೆಯೂ ಬೆರೆತು, ಇಂಜಿನನ್ನೇ ಇಳಿಸಬೇಕಾಗುತ್ತಿತ್ತು. ಮಗ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಲು ಹೋದಾಗ ತಡೆದವರೂ ಅವರೇ. ಅದು ಕುಕ್ಕರಿನ ಕೂಸು. ಒತ್ತಡದಲ್ಲಿರುವ ನೀರು ಕುದಿಯುವ ಬಿಂದುವನ್ನು ಮೀರಿ ಕಾದಿರುತ್ತದೆ, ತೆರೆದೊಡನೆ ಮುಖಕ್ಕೆ ಹಾರುತ್ತದೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

ಇಂಜಿನು ಆರಲು ಮುಕ್ಕಾಲು ಗಂಟೆ ಬೇಕಿತ್ತು. ಅಷ್ಟು ಹೊತ್ತು ಸುಮ್ಮನೆ ಕೂಡುವವರಲ್ಲ ಅವರು. ರಸ್ತೆಯ ಬದಿಯ ಹುಣಿಸೆ ಮರದಡಿ ಜಮಖಾನ ಹಾಸಿಸಿ, ಟಾರ್ಚಿನ ಬೆಳಕಿನಲ್ಲಿ ಐವರು ಸಹಾಯಕರನ್ನು ಹುರುಳಿಕಾಯಿ ಹೆಚ್ಚಲು ಕೂಡಿಸಿದರು. ದಾರಿಹೋಕ ಲಾರಿಯವರು ನಿಧಾನಿಸಿ, ಬೆರಗಿನಿಂದ ನೋಡಿ ಹೋದರು. ಒಡೆದಿದ್ದದ್ದು ರಬ್ಬರಿನ ಕೊಳವೆ, ಅದೂ ತುದಿಯಲ್ಲಿ. ತರಕಾರಿ ಚಾಕುವಿನಿಂದಲೇ ಒಡಕು ತುದಿಯನ್ನು ಕತ್ತರಿಸಿ, ಮಿಕ್ಕ ಕೊಳವೆಯನ್ನು ಎಳೆದು ಬಿಗಿದು, ಕುಡಿಯುವ ನೀರಿನ ಕ್ಯಾನನ್ನು ಸುರಿದು, ರಾತ್ರಿ ಒಂದಕ್ಕೆ ಛತ್ರ ಸೇರಿದರು. ಮರುದಿನ ತೊವ್ವೆಗೆ ಉಪ್ಪು ಸಾಲದೆಂದು ಗಂಡಿನ ಕಡೆಯ ಒಬ್ಬ ಹಿರಿಯರು ಆಕ್ಷೇಪಿಸಿದ್ದನ್ನು ಬಿಟ್ಟರೆ ಬೇರೆ ಕೊರತೆ ಬರಲಿಲ್ಲ.

2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಿತು. ಮುಂದೆ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂತು. ಐವತ್ತು ಜನರ ಅಡುಗೆಗೆ ಭಟ್ಟರನ್ನು ಕರೆಯುವವರು ಯಾರು? ಸಹಾಯಕರು ಊರಿಗೆ ಹೋದರು. ಕೊಪ್ಪರಿಗೆಗಳು ಕವುಚಿ ಕೂತವು. ಆಗ ಆ ಮನೆಗೆ ಅನ್ನ ತಂದದ್ದು ಗಾಡಿಯೇ. ನಸುಕಿನಲ್ಲಿ ಬಂಡೀಪಾಳ್ಯದ ಮಾರುಕಟ್ಟೆಯಿಂದ ತರಕಾರಿ ತುಂಬಿಕೊಂಡು, ತಂದೆ ಮಗ ಇಬ್ಬರೂ ಬಡಾವಣೆಗಳ ಬೀದಿ ಬೀದಿಯಲ್ಲಿ ನಿಲ್ಲಿಸಿ ಮಾರಿದರು. ನೂರಾರು ಮನೆಗಳ ಮದುವೆಯೂಟ ಬಡಿಸಿದ ಭಟ್ಟರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೆಂಡೆಕಾಯಿ ತೂಗುವುದನ್ನು ಕಂಡು ಗುರುತು ಹಿಡಿದವರು ಕೆಲವರೇ. ಆ ವರ್ಷ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ಮಗಳ ಕೊನೆಯ ವರ್ಷದ ಶುಲ್ಕವೂ ಆ ತರಕಾರಿಯಿಂದಲೇ ಹೊರಟಿತು. ಬಳೆ ಮಾತ್ರ ಮರಳಿ ಬರಲು ಇನ್ನೂ ಎರಡು ವರ್ಷ ಹಿಡಿಯಿತು.

ಎಂಟು ವರ್ಷ ದಾಟಿದ ಬಾಡಿಗೆ ವಾಹನಕ್ಕೆ ವರ್ಷ ವರ್ಷವೂ ಅರ್ಹತಾ ಪತ್ರ, ಎಂದರೆ ಎಫ್.ಸಿ., ಮಾಡಿಸಬೇಕು. ಪ್ರತಿ ಸಲವೂ ಬಣ್ಣ, ದೀಪ, ಬ್ರೇಕು ಎಂದು ಸಣ್ಣದೊಂದು ಹಬ್ಬದ ಖರ್ಚು. 2023ರಲ್ಲಿ, ಹದಿನಾಲ್ಕು ತುಂಬಿದ ಗಾಡಿಯನ್ನು ಮಾರುವುದೆಂದು ನಿಶ್ಚಯವಾಯಿತು. ಹೂವಿನ ವ್ಯಾಪಾರದ ಒಬ್ಬ ತರುಣ ಬಂದು ಸುತ್ತ ನೋಡಿ, ಬಣ್ಣ ಚೆನ್ನಾಗಿದೆ ಎಂದ. ಮುಚ್ಚಳ ತೆಗೆಯುವುದೂ ಅವನಿಗೆ ತಿಳಿಯದು. ಒಂದು ಲಕ್ಷದ ಹತ್ತು ಸಾವಿರಕ್ಕೆ ಮಾತು ಕುದುರಿತು. ಒಳಗೆ ಕಾಫಿ ತರಲು ಹೋದ ಭಟ್ಟರಿಗೆ ಮನೆಯಾಕೆ, “ಆ ಹುಡುಗನ ಹೆಂಡತಿಯೂ ಏನಾದರೂ ಬಿಚ್ಚಿಕೊಟ್ಟಿರಬಹುದಲ್ಲವೇ, ನೋಡಿ” ಎಂದಷ್ಟೇ ಹೇಳಿದರು.

ಕಾಫಿಯ ಜೊತೆಗೆ ಒಂದು ಕಾಗದವೂ ಬಂತು. ಮದುವೆಯ ಸಾಮಾನು ಪಟ್ಟಿಯ ಬೆನ್ನಿನ ಮೇಲೆ ಭಟ್ಟರು ಗಾಡಿಯ ದೋಷಗಳನ್ನೆಲ್ಲ ಅಂಕೆ ಹಾಕಿ ಬರೆದಿದ್ದರು: ಕೊಳವೆಬಾವಿಯ ನೀರು ಕೂಡದು, ಚಳಿಯ ಬೆಳಿಗ್ಗೆ ಗ್ಲೋ ಪ್ಲಗ್ಗಿನ ದೀಪ ಆರುವವರೆಗೆ ಕಾದು ಕೀಲಿ ತಿರುಗಿಸಬೇಕು, ಎಡ ಹಿಂಬದಿಯ ಬೇರಿಂಗು ಇನ್ನೊಂದು ವರ್ಷ ಬಂದೀತು, ತಣ್ಣಗಿರುವಾಗ ಎರಡನೆಯ ಗೇರು ಹಲ್ಲು ಕಡಿಯುತ್ತದೆ, ಬಲವಂತ ಸಲ್ಲದು, ಹೀಗೆ ಹನ್ನೊಂದು. ತರುಣ ಓದಿ, ಹದಿನೈದು ಸಾವಿರ ಇಳಿಸಿ ಕೇಳಿದ. ಕೊಟ್ಟರು. ಆದರೆ ಆರ್.ಟಿ.ಒ. ಕಚೇರಿಯಲ್ಲಿ ಹೆಸರು ವರ್ಗವಾಗುವವರೆಗೆ ಕೀಲಿ ಕೊಡಲು ಮಾತ್ರ ಒಪ್ಪಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದ್ದನ್ನು ಮಗಳು ಓದಿ ಹೇಳಿದ್ದಳು. ಫಾರಂ 29, ಫಾರಂ 30, ವಿಮೆ ಎಲ್ಲ ಮುಗಿದು ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಹನ್ನೆರಡನೆಯ ದಿನ ನಸುಕಿನಲ್ಲಿ ದೂರವಾಣಿ ಬಂತು. “ಭಟ್ರೇ, ಎರಡನೇ ಗೇರು ಬೀಳ್ತಾ ಇಲ್ಲ!”

“ಪಟ್ಟಿಯಲ್ಲಿ ನಾಲ್ಕನೆಯದು ಓದಪ್ಪ” ಎಂದು ಹೇಳಿ, ಭಟ್ಟರು ಒಲೆ ಹಚ್ಚಲು ಹೋದರು.