ಹಾಲಿನ ಲೆಕ್ಕದ ಪುಸ್ತಕ

ನಮ್ಮ ಚಿಕ್ಕವನಿಗೆ ಆಟಿಸಂ. 9 ವರ್ಷವಾದರೂ ಮಾತಿಲ್ಲ. ಹೋದ ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ತನ್ನ ಕೆನ್ನೆಗೆ ತಾನೇ ರಪರಪ ಹೊಡೆದುಕೊಳ್ಳತೊಡಗಿದ. "ಹಟ ಕಣೇ, ಎರಡು ಬಿಗಿ" ಎಂದರು ಅತ್ತೆ. ಸಾಕಾಗಿ ಒಂದು ದಿನ ನಾನೂ ಬಿಗಿದೆ, ಅದೇ ಕೆನ್ನೆಗೆ.

ಮಾತ್ರೆ ಹೆಚ್ಚಿಸಿ ಎಂದು ಮನೋವೈದ್ಯರನ್ನು ಬೇಡಿಕೊಂಡೆ. "ಹೊಡೆದುಕೊಳ್ಳುವ ಮೊದಲು ಏನಾಯಿತು, ಆಮೇಲೆ ಏನಾಯಿತು, 15 ದಿನ ಬರೆದುಕೊಂಡು ಬಾಮ್ಮ" ಎಂದರು. ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದೆ. ತಿರುವಿ ನೋಡಿದರೆ ಬಹುಪಾಲು ಊಟದ ಹೊತ್ತು. ಅದರಲ್ಲೂ ಬಿಸಿ ಸಾರು, ಸಿಹಿ ಕೊಟ್ಟಾಗ. ಅದನ್ನು ಓದಿದವರೇ ಹಲ್ಲಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ದವಡೆಹಲ್ಲು ಬೇರಿನತನಕ ಹುಳುಕು! ನೋವು ಎನ್ನಲು ಬಾರದ ಕೂಸು ಇನ್ನೇನು ಮಾಡೀತು, ನೀವೇ ಹೇಳಿ.

ಹಲ್ಲು ಕೀಳಿಸಿದ್ದಾಯಿತು. ಮಾತ್ರೆ ಇದ್ದಷ್ಟೇ ಇದೆ. ತಲೆ ಬಾಚಲು ಕೈ ಎತ್ತಿದರೆ ಮಾತ್ರ ಈಗಲೂ ಆ ಕೆನ್ನೆ ಮುಚ್ಚಿಕೊಳ್ಳುತ್ತಾನೆ.